ಶೇಷ ಹದಿನೇಳು

ಜೂನ್ 14, 1998

ಗಣಿತಸಾಮ್ರಾಟ ಶ್ರೀಮಾನ್ ಮಾದಯ್ಯನವರು, ಅಂದರೆ ನಮ್ಮಪ್ಪ, ಇಂದು ಮಧ್ಯಾಹ್ನ ಉದಕಮಂಡಲದ ನನ್ನ ಎರಡು ಕೋಣೆಯ ಅರಮನೆಗೆ ದಯಮಾಡಿಸಿದರು. ಪಲ್ಲಕ್ಕಿ ಸಿಗಲಿಲ್ಲ. ನನ್ನ ತಮ್ಮ ನವೀನನ ಜೀಪಿನ ಹಿಂದಿನ ಸೀಟಿನಲ್ಲಿ, ಟೊಮೇಟೊ ಕ್ರೇಟುಗಳ ನಡುವೆ ಮಲಗಿ ಬಂದರು. ಮಸಿನಗುಡಿಯಿಂದ ಕಲ್ಲಟ್ಟಿ ಘಾಟಿ ಹತ್ತುವಾಗ ಮೂವತ್ತಾರು ತಿರುವು, ಪ್ರತಿ ತಿರುವಿಗೂ ನಂಬರಿನ ಬೋರ್ಡು ಇದೆ. ಅಪ್ಪ ಎಣಿಸಿಕೊಂಡು ಬಂದು ಮೂವತ್ತೊಂದು ಎಂದು ತೀರ್ಪು ಕೊಟ್ಟರಂತೆ. ಬೋರ್ಡು ಬರೆದವನು ದಡ್ಡ.

ಲಕ್ವ ಹೊಡೆದು ಬಲಗೈ, ಬಲಗಾಲು, ಬಾಯಿಯ ಅರ್ಧ ಭಾಗ ಹೋಗಿವೆ. ಆಡುವ ಮಾತುಗಳಲ್ಲಿ ಹೆಚ್ಚಿನವು ಅಂಬಲಿಯ ಹಾಗೆ ತುಟಿಯಿಂದ ಜಾರುತ್ತವೆ. 'ದಡ್ಡಿ' ಎಂಬ ಪದಕ್ಕೆ ಮಾತ್ರ ಕೂದಲೂ ಕೊಂಕಿಲ್ಲ. ದೇವರು ಏನನ್ನು ಕಿತ್ತುಕೊಳ್ಳಬೇಕು, ಏನನ್ನು ಬಿಡಬೇಕು ಎಂದು ಯೋಚಿಸಿಯೇ ಮಾಡುತ್ತಾನೆ.

"ಅಕ್ಕಾ, ನಿಮ್ಮೂರಲ್ಲಿ ದೊಡ್ಡಾಸ್ಪತ್ರೆ ಅದೆ. ನಮ್ಮೂರಲ್ಲಿ ಏನದೆ? ಆನೆ ಅದೆ" ಎಂದು ಹೇಳಿ, ಕಾಫಿಗೂ ನಿಲ್ಲದೆ ನವೀನ ಜೀಪು ತಿರುಗಿಸಿದ.

ಅಪ್ಪನ ಕಣ್ಣು ಮೊದಲು ಬಿದ್ದದ್ದು ಮೇಜಿನ ಮೇಲಿದ್ದ ಹುಡುಗಿಯರ ಉತ್ತರ ಪತ್ರಿಕೆಗಳ ಮೇಲೆ. ಎಡಗೈಯಲ್ಲಿ ಒಂದನ್ನು ಎಳೆದು, ನಾನು ಹಾಕಿದ್ದ ಕೆಂಪು ಗುರುತನ್ನು ತೋರಿಸಿ, "ಇದಕ್ಕೆ ಯಾಕೆ ಸರಿ ಹಾಕ್ದೆ? ಹೆಜ್ಜೆ ಎಲ್ಲಿ? ದಡ್ಡಿ."

ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಗಣಿತದ ಟೀಚರಾಗಿ ತಲೆ ನರೆತಿದೆ. ನನ್ನ ಕ್ಲಾಸಿನಲ್ಲಿ ಬೆತ್ತವಿಲ್ಲ, ಹುಡುಗಿಯರು ನಗುತ್ತಾ ಲೆಕ್ಕ ಮಾಡುತ್ತಾರೆ ಎಂದು ಊರೆಲ್ಲ ಹೇಳುತ್ತದೆ. ಅಪ್ಪ ಮಾತ್ರ ನನಗೆ ಈ ನಲವತ್ತೆರಡು ವರ್ಷದಲ್ಲಿ ಒಮ್ಮೆಯೂ 'ಸರಿ' ಅಂದಿಲ್ಲ. ಲೆಕ್ಕ ತಪ್ಪಿದರೆ ದಡ್ಡಿ, ಸರಿಯಾದರೆ ಮುಂದಿನ ಲೆಕ್ಕ. ಇನ್ನೆಷ್ಟು ದಿನವೋ ಪಾಪ. ಒಂದು 'ಸರಿ' ಉದುರಿಸಿ ಹೋದರೆ ಅವರಪ್ಪನ ಗಂಟೇನು ಹೋಗುತ್ತದೆ? ಆಸೆ ಇಲ್ಲ ಎಂದರೆ ಸುಳ್ಳು. ಬೇಳೆ ಬೇಯಿಸುವಾಗಲೂ ಇದೆ.

ಜೂನ್ 20

ಹಗಲು ನೋಡಿಕೊಳ್ಳಲು ವಳ್ಳಿ ಬರುತ್ತಿದ್ದಾಳೆ. ಗಟ್ಟಿಗಿತ್ತಿ. ಅಪ್ಪ 'ದಡ್ಡಿ' ಎಂದರೆ ಅದು ತನ್ನನ್ನು ಕರೆಯುವ ಹೆಸರು ಎಂದುಕೊಂಡು "ಎನ್ನ ಅಯ್ಯಾ?" ಎಂದು ಓಡಿ ಬರುತ್ತಾಳೆ. ತಮಿಳು ಮಾತ್ರ ಬರುವುದರ ಸುಖ.

ಇವತ್ತು ಗಂಜಿ ಕುಡಿಸುವಾಗ ಬಟ್ಟಲಲ್ಲಿ ಸ್ವಲ್ಪ ಉಳಿಸಿದರು. ಸಾಕಾ ಎಂದೆ. "ಶೇಷ ಭಾಜಕಕ್ಕಿಂತ ಕಮ್ಮಿ ಇರಬೇಕು" ಎಂದರು. ಗಾದೆ ಹಳೆಯದು. ಹದಿನೇಳರಿಂದ ಭಾಗಿಸಿದರೆ ಹದಿನಾರರವರೆಗೆ ಏನಾದರೂ ಉಳಿಯಬಹುದು. ಹದಿನೇಳೇ ಉಳಿದರೆ ಇನ್ನೂ ಒಂದು ಸಲ ಹೋಗುತ್ತದೆ ಎಂದರ್ಥ. ನಾಲ್ಕನೇ ಕ್ಲಾಸಿನ ಪಾಠ. ಗುಂಡ್ಲುಪೇಟೆ ಕಡೆಯ ಶಾಲೆಗಳಲ್ಲಿ ಅಪ್ಪ ಇದನ್ನು ಮಕ್ಕಳ ತಲೆಗೆ ಹತ್ತಿಸಿದ್ದು ರೂಲು ದೊಣ್ಣೆಯ ದಾರಿಯಿಂದ. ಆ ದೊಣ್ಣೆಯನ್ನು ನವೀನ ಬಟ್ಟೆಯ ಗಂಟಿನಲ್ಲಿ ಸುತ್ತಿ ಕಳಿಸಿದ್ದಾನೆ, ಮಾತ್ರೆಗಳನ್ನು ಮರೆತಿದ್ದಾನೆ.

ಭಾಗಲಬ್ಧದಲ್ಲಿ ಸೊನ್ನೆ ಹಾಕಲು ಮರೆತದ್ದಕ್ಕೆ ನನಗೆ ಬೇರೆ ಮರ್ಯಾದೆ. ಎಂಟು ವರ್ಷದವಳ ಕೊರಳಿಗೆ 'ಸೊನ್ನೆ ಮರೆತವಳು' ಎಂದು ಬರೆದ ಸ್ಲೇಟು ನೇತುಹಾಕಿ ಮಸಿನಗುಡಿಯ ಬಸ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿದ್ದರು. ಊಟಿ ಬಸ್ಸು ಬಂದು ಹೋಗುವವರೆಗೆ. ಅವತ್ತು ಬಸ್ಸು ತಡವಾಗಿತ್ತು.

ಮದುವೆಯ ವಯಸ್ಸಿಗೆ ಬಂದಾಗ ಗೂಡಲೂರಿನ ನಟರಾಜ ನನ್ನನ್ನು ನೋಡಲು ಬಂದ. ಕಾಫಿ ವ್ಯಾಪಾರ, ಒಳ್ಳೆಯ ನಗು. ಅಪ್ಪ ಉಪ್ಪಿಟ್ಟಿನ ತಟ್ಟೆ ಮುಂದಿಡುವ ಮೊದಲು "ಹದಿನೇಳ್ ಹದಿಮೂರ್ಲ?" ಎಂದರು. ಗಾಬರಿಯಲ್ಲಿ ಇನ್ನೂರ ಹನ್ನೊಂದು ಎಂದ. ಇನ್ನೂರ ಇಪ್ಪತ್ತೊಂದು. ಹತ್ತರ ವ್ಯತ್ಯಾಸಕ್ಕೆ ವರ ಹೋಯಿತು. ಉಪ್ಪಿಟ್ಟು ನಾನೇ ತಿಂದೆ, ಚೆನ್ನಾಗಿತ್ತು.

ಜುಲೈ 5

ಇವತ್ತು ಅಪ್ಪ ಆಸ್ತಿ ಹಂಚಿದರು. ಬೊಕ್ಕಾಪುರಂ ದಾರಿಯ ಜಮೀನು ನವೀನನಿಗೆ. ನನಗೆ ಒಂದು ಸಂಖ್ಯೆ.

ತಮಾಷೆಯಲ್ಲ. ದಿಂಬಿಗೆ ಒರಗಿಸಿ ಕೂರಿಸಿದ ಮೇಲೆ, ಎಡಗೈಯಲ್ಲಿ, ಏಳು ಸಲ ಬಳಪ ಮುರಿದು ಸ್ಲೇಟಿನ ಮೇಲೆ ಬರೆದರು: 333333331. ಮೂವತ್ಮೂರು ಕೋಟಿ ಮೂವತ್ಮೂರು ಲಕ್ಷ ಮೂವತ್ಮೂರು ಸಾವಿರದ ಮುನ್ನೂರ ಮೂವತ್ತೊಂದು. ಮೂವತ್ಮೂರು ಕೋಟಿ ದೇವತೆಗಳು, ಮೇಲಿನವರು ಅವರ ನೆಂಟರಿಷ್ಟರು.

ವಿಷಯ ಇಷ್ಟು. 31 ಅವಿಭಾಜ್ಯ, ಅಂದರೆ ಒಂದು ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದಕ್ಕೂ ಶೇಷವಿಲ್ಲದೆ ಭಾಗವಾಗದ ಜಂಬದ ಸಂಖ್ಯೆ. 331 ಕೂಡ ಹಾಗೇ. 3331, 33331, ಹೀಗೆ ಮುಂದೆ ಒಂದೊಂದು ಮೂರು ಸೇರಿಸುತ್ತಾ ಹೋದರೂ ಹಾಗೇ. ಅಪ್ಪ ಒಂದೊಂದನ್ನೂ ಕೈಯಿಂದ ಭಾಗಿಸಿ ನೋಡಿದ್ದಾರೆ. ಎಂಟು ಅಂಕಿಯದಕ್ಕೆ ನಿವೃತ್ತಿಯ ನಂತರದ ಬೆಳಗುಗಳೆಲ್ಲ ಹೋದವು. ಅಮ್ಮ ತೀರಿಕೊಂಡ ವಾರದಲ್ಲೂ ಭಾಗಿಸಿದರು, ನಾನೇ ಕಂಡಿದ್ದೇನೆ. ಎಲ್ಲವೂ ಅವಿಭಾಜ್ಯ. ಹಾಗಾದರೆ ಕೊನೆಯವರೆಗೂ ಹೀಗೇ ಎಂದು ಅಪ್ಪನ ಶಾಸನ. ಒಂಬತ್ತು ಅಂಕಿಯದನ್ನು ಶುರು ಮಾಡುವ ಹೊತ್ತಿಗೆ ಕೈ ಹೋಯಿತು.

"ನೀನು ನೋಡು. ಎರಡು ಸಾವಿರ ಭಾಗಾಕಾರ. ಆಮೇಲೆ ನನ್ನ ಹೆಸರಲ್ಲಿ ಹೇಳು" ಎಂದರು. ಅಂಗಡಿಯ ಕ್ಯಾಲ್ಕುಲೇಟರಿನಲ್ಲಿ ಎಂಟೇ ಅಂಕಿಗೆ ಜಾಗ. ಈ ಮಹಾಶಯ ಅದರೊಳಗೆ ಹಿಡಿಸುವುದಿಲ್ಲ. ಕೈಯಿಂದಲೇ ಆಗಬೇಕು.

"ಆಗ ಸರಿ ಅಂತೀರಾ ಅಪ್ಪ?" ಎಂದು ಕೇಳಿಯೇಬಿಟ್ಟೆ.

"ಮಾಡು ಮೊದಲು, ದಡ್ಡಿ."

ಜುಲೈ 6

ಬೆಳಗ್ಗೆ ಅಕ್ಕಿ ನೆನೆಸಿಟ್ಟು ಕೂತೆ. ಎರಡು, ಮೂರು, ಐದಕ್ಕೆ ಹೋಗಲ್ಲ ಎನ್ನುವುದು ನೋಡಿದರೇ ಗೊತ್ತು. ಏಳರಿಂದ ಭಾಗಿಸಿದರೆ ಶೇಷ ಎರಡು. ಹನ್ನೊಂದರಿಂದ, ಒಂದು. ಹದಿಮೂರರಿಂದ, ಆರು. ಹದಿನೇಳರಿಂದ, ಸೊನ್ನೆ.

ಮತ್ತೆ ಮಾಡಿದೆ. ಸೊನ್ನೆ.

ಅಕ್ಕಿ ಇನ್ನೂ ನೆಂದಿರಲಿಲ್ಲ. ಹದಿನೇಳು ಗುಣಿಸು ಒಂದು ಕೋಟಿ ತೊಂಬತ್ತಾರು ಲಕ್ಷ ಏಳು ಸಾವಿರದ ಎಂಟುನೂರ ನಲವತ್ತಮೂರು. ಎರಡು ಸಾವಿರ ಮೆಟ್ಟಿಲಿನ ಬೆಟ್ಟದಲ್ಲಿ ಏಳನೆಯ ಮೆಟ್ಟಿಲಿಗೇ ಕಾಲು ಮುರಿದುಕೊಂಡ ದೇವತೆ! ಅದೂ ಹದಿನೇಳಕ್ಕೆ. ನಟರಾಜ ಎಲ್ಲಿದ್ದರೂ ಅವನಿಗೊಂದು ತಟ್ಟೆ ಉಪ್ಪಿಟ್ಟು ಕಳಿಸಬೇಕು ಅನ್ನಿಸಿತು.

ಕುಣಿಯುತ್ತಾ ಅಪ್ಪನ ಕೋಣೆಗೆ ಹೋದೆ. ವಳ್ಳಿ ಅವರನ್ನು ಮಗ್ಗುಲು ತಿರುಗಿಸಿ ಬೆನ್ನು ಒರೆಸುತ್ತಿದ್ದಳು. ಬೆನ್ನೆಂದರೆ ಬೆನ್ನಲ್ಲ, ತೊಳೆದು ಒಣಗಿಸಿದ ಚೀಲ. ಗೋಡೆಯ ಕಡೆ ಮುಖ ಮಾಡಿಕೊಂಡೇ, "ಎಲ್ಲಿಗಂಟ ಬಂತು?" ಎಂದರು.

"ಹತ್ತೊಂಬತ್ತಕ್ಕೆ ಬಂದಿದ್ದೀನಿ ಅಪ್ಪ. ಶೇಷ ಹತ್ತು."

ಹತ್ತೊಂಬತ್ತರ ಶೇಷ ನಿಜವಾಗಿಯೂ ಹತ್ತು. ಅಷ್ಟರಮಟ್ಟಿಗೆ ನಾನು ಸತ್ಯವಂತೆ.

ಜುಲೈ 19

ದಿನಾ ಸಂಜೆ ಆಸ್ಥಾನಕ್ಕೆ ವರದಿ ಒಪ್ಪಿಸುತ್ತಿದ್ದೇನೆ. "ನೂರ ಮೂವತ್ತೇಳು ಅಪ್ಪ, ಶೇಷ ಎಂಬತ್ತೆಂಟು." ಶೇಷವನ್ನು ನಾನೇ ಹುಟ್ಟಿಸುವುದು. ಒಮ್ಮೆ ಹಾಲಿನವನ ಸೈಕಲ್ಲಿನ ನಂಬರು, ಒಮ್ಮೆ ಕ್ಯಾರೆಟ್ಟಿನ ರೇಟು. ಅಪ್ಪ ಕಣ್ಣು ಮುಚ್ಚಿ ಕೇಳುತ್ತಾರೆ, ಹೂಂ ಎನ್ನುತ್ತಾರೆ. ಹೊರಗೆ ಮಳೆ, ಒಳಗೆ ಸುಳ್ಳು, ಎರಡೂ ಒಂದೇ ಸಮ.

ಆಗಸ್ಟ್ 11

ಕ್ಲಾಸಿನಲ್ಲಿ 31, 331, 3331ರ ಸಾಲನ್ನು ಬೋರ್ಡಿನ ಮೇಲೆ ಬರೆದಿದ್ದೆ, ಸುಮ್ಮನೆ ಚಂದಕ್ಕೆ. ಎಂಟು ಅಂಕಿಗೆ ನಿಲ್ಲಿಸಿದೆ. ಒಂಬತ್ತನೇ ಕ್ಲಾಸಿನ ಅಭಿನಯಾ, ಸೋಲೂರಿನ ಹಟ್ಟಿಯಿಂದ ಬಸ್ಸಿನಲ್ಲಿ ಬರುವ ಬಡಗರ ಹುಡುಗಿ, "ಅದರ ಮುಂದಿನದು ಟೀಚರ್?" ಎಂದಿದ್ದಳು. ನಮ್ಮಪ್ಪ ನೋಡುತ್ತಿದ್ದಾರೆ ಎಂದು ನಕ್ಕಿದ್ದೆ.

ಇವತ್ತು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು. ಸ್ವೆಟರಿನ ತೋಳು ಒದ್ದೆ.

"ಟೀಚರ್, ನಿಮ್ಮ ಅಪ್ಪ ನೋಡಿ ಆತಾ?"

"ಇಲ್ಲ. ಯಾಕೆ?"

"ಹದಿನೇಳಕ್ಕೆ ಹೋಗುತ್ತೆ ಟೀಚರ್. ಬಸ್ಸಿಲಿ ಮಾಡಿದೆ. ಮೂರು ಸಲ ಮಾಡಿದೆ, ನನ್ನದೇ ತಪ್ಪು ಅಂತ."

ಭಾಗಾಕಾರ ತೋರಿಸಿದಳು. ಮಧ್ಯದಲ್ಲಿ ಹದಿಮೂರು ಉಳಿದು ಹದಿನೇಳು ಹೋಗದ ಜಾಗದಲ್ಲಿ ಸೊನ್ನೆಯನ್ನು ದುಂಡಗೆ ಹಾಕಿದ್ದಳು. ಎಂಟು ವರ್ಷದ ಈ ಸುಧಾ ಮರೆತಿದ್ದ ಸೊನ್ನೆ. ಕೆಂಪು ಪೆನ್ನಿನಲ್ಲಿ ದೊಡ್ಡದಾಗಿ ಸರಿ ಹಾಕಿದೆ. ಡಬ್ಬಿಯಲ್ಲಿದ್ದ ವರ್ಕಿ ಬಿಸ್ಕತ್ತು ಎರಡು ಕೊಟ್ಟೆ. "ಯಾರಿಗೂ ಹೇಳಬೇಡ. ನಮ್ಮಪ್ಪ ಕಾಯಿಲೆಯವರು, ಬೇಜಾರಾಗ್ತಾರೆ" ಎಂದೆ.

"ಹೇಳೋದಿಲ್ಲೆ ಟೀಚರ್."

ಜನವರಿಯಲ್ಲಿ ಕೊಯಮತ್ತೂರಿನ ಗಣಿತ ಸ್ಪರ್ಧೆಗೆ ಶಾಲೆಯಿಂದ ಒಬ್ಬಳನ್ನು ಕಳಿಸಬೇಕು. ಇನ್ನು ಯೋಚಿಸುವುದೇನಿದೆ.

ಸೆಪ್ಟೆಂಬರ್ 2

ತಲೆನೋವಿತ್ತು. ವರದಿ ಒಪ್ಪಿಸುವಾಗ ಬಾಯಿಗೆ ಬಂದದ್ದು ಹೇಳಿದೆ: "ನಾನೂರ ಇಪ್ಪತ್ತೊಂದು ಅಪ್ಪ. ಶೇಷ ನಾನೂರ ಮೂವತ್ತು."

ಹೇಳಿದ ಮೇಲೆ ಅಪ್ಪನ ಕೈಗೆಟುಕುವ ಲೋಟವನ್ನು ಪಕ್ಕಕ್ಕೆ ಸರಿಸಿದೆ. ಭಾಜಕಕ್ಕಿಂತ ದೊಡ್ಡ ಶೇಷ! ಹಿಂದಿನ ಮಾದಯ್ಯನವರಾಗಿದ್ದರೆ ಲೋಟ ನನ್ನ ಹಣೆಗೆ ಬಂದು ಮುಟ್ಟುವಷ್ಟರಲ್ಲಿ ಬೈಗುಳ ಅದಕ್ಕಿಂತ ಮೊದಲು ಮುಟ್ಟಿರುತ್ತಿತ್ತು.

ಅಪ್ಪ ಕಣ್ಣು ಮುಚ್ಚಿಕೊಂಡೇ, "ಹೂಂ" ಎಂದರು. "ಮುಂದೆ."

ಸೆಪ್ಟೆಂಬರ್ 3

ಎಂಟೂ ಏಳೂ ಎಷ್ಟು ಅಪ್ಪ ಎಂದು ಕೇಳಿದೆ. ಕಿಟಕಿಯ ಕಡೆ ನೋಡಿದರು. ಚಳಿ ಎಂದರು.

ಅಕ್ಟೋಬರ್ 12

ಇವತ್ತು ಬೆಳಗ್ಗೆಯೇ ಮುಗಿಸಿದೆ. "ವರ್ಗಮೂಲದವರೆಗೂ ನೋಡಿದೆ ಅಪ್ಪ. ಯಾವುದಕ್ಕೂ ಹೋಗಲಿಲ್ಲ. ಅವಿಭಾಜ್ಯ." ಧ್ವನಿ ನಡುಗಬಾರದೆಂದು ಸ್ನಾನದ ಮನೆಯಲ್ಲಿ ಅಭ್ಯಾಸ ಮಾಡಿ ಬಂದಿದ್ದೆ. ಕಾದೆ. ಅಪ್ಪನ ಅರ್ಧ ಬಾಯಿ ಅಲುಗಿತು.

"ಇನ್ನೊಂದ್ಸಲ ನೋಡು."

ಶಾಲೆಗೆ ಹೋಗಿ ಎರಡು ಪೀರಿಯಡ್ ಸುಮ್ಮನಿದ್ದೆ. ಮೂರನೆಯದರಲ್ಲಿ ಗೀತಾಂಜಲಿ ಋಣ ಚಿಹ್ನೆ ನುಂಗಿದ್ದಕ್ಕೆ 'ದಡ್ಡಿ' ಎಂದೆ. ಇಡೀ ಕ್ಲಾಸು ನಕ್ಕಿತು. ನೋಡಿ, ಮಕ್ಕಳಿಗೆ ಇಷ್ಟವೇ ಆಗುತ್ತದೆ. ರೂಲು ದೊಣ್ಣೆಯನ್ನೂ ಈಗ ಒಯ್ಯುತ್ತಿದ್ದೇನೆ, ಗೆರೆ ಎಳೆಯಲಿಕ್ಕೆ. ಮೇಜಿಗೊಮ್ಮೆ ಬಡಿದರೆ ಮೌನ ಎಷ್ಟು ಚೊಕ್ಕವಾಗಿ ಬರುತ್ತದೆಂದು ಇಷ್ಟು ವರ್ಷ ಗೊತ್ತೇ ಇರಲಿಲ್ಲ.

ಸಂಜೆ ಗಂಜಿ ತಣ್ಣಗಾಗಿದ್ದಕ್ಕೆ ವಳ್ಳಿಗೆ ನಾಲ್ಕು ಮಾತು ಹೇಳಿದೆ. ಅವಳು ಬಟ್ಟಲು ಒರೆಸುತ್ತಾ, "ಅಕ್ಕಾ, ಇಪ್ಪೋ ನೀಂಗಳುಂ ಅಯ್ಯಾ ಮಾದಿರಿಯೇ ಪೇಸುರೀಂಗ" ಎಂದಳು. ನೀವೂ ಈಗ ಅಯ್ಯನ ಹಾಗೇ ಮಾತಾಡ್ತೀರಿ ಎಂದು. ಓದು ಬರದಿದ್ದರೂ ಗುಣ ಗುರುತಿಸುತ್ತಾಳೆ. ದೀಪಾವಳಿಗೆ ಒಂದು ಸೀರೆ ಕೊಡಬೇಕು.

ನವೆಂಬರ್ 14

ಇಂದು ನನ್ನ ಜೀವನದ ಸುದಿನ. ಕ್ರಮವಾಗಿ ಬರೆಯುತ್ತೇನೆ, ಹೆಜ್ಜೆ ಬಿಡದೆ.

ಅಪ್ಪ ಹಲವು ದಿನಗಳಿಂದ "ಮಕ್ಕಳನ್ನ ಕರ್ಕೊಂಡು ಬಾ, ಹೇಳಬೇಕು" ಎನ್ನುತ್ತಿದ್ದರು. ಮಕ್ಕಳ ದಿನಾಚರಣೆ ಮುಗಿದ ಮೇಲೆ ಗಣಿತದಲ್ಲಿ ಮುಂದಿರುವ ನಾಲ್ಕೈದು ಹುಡುಗಿಯರನ್ನು ಮನೆಗೆ ಕರೆತಂದೆ. ಗೀತಾಂಜಲಿ ಇದ್ದಳು, ಅಭಿನಯಾ ಇದ್ದಳು. ಅಪ್ಪನಿಗೆ ಮಂಕಿ ಟೋಪಿ, ಹಳೆಯ ಕೋಟು, ಮಫ್ಲರ್. ಸ್ಲೇಟಿನ ಮೇಲೆ ಮೂವತ್ಮೂರು ಕೋಟಿಯ ದೇವತೆ. ಅಪ್ಪನ ಮಾತು ಬಿಡಿಸಿ ಹೇಳಲು ನಾನು. ವಳ್ಳಿ ಚಹಾ ಕೊಟ್ಟಳು.

"ಇದು ನನ್ನ ಸಂಖ್ಯೆ. ಅವಿಭಾಜ್ಯ. ಯಾವಳಾದ್ರೂ ಒಡೀತೀರಾ?" ಎಂದು ಅಪ್ಪ ಕೇಳಿದರು. ಅಭಿನಯಾ ತಲೆ ತಗ್ಗಿಸಿ ಚಾಪೆಯ ಕಡ್ಡಿ ಎಣಿಸುತ್ತಿದ್ದಳು. ಕೊಟ್ಟ ಮಾತು ಉಳಿಸಿಕೊಳ್ಳುತ್ತಿದ್ದಳು, ಒಪ್ಪುತ್ತೇನೆ. ಆದರೆ ತಲೆ ತಗ್ಗಿಸಿದವರನ್ನು ಬಿಡುವ ಮೇಷ್ಟ್ರು ಎಲ್ಲಿದ್ದಾರೆ?

"ನೀನು, ಮೂಲೇಲಿರೋಳು. ಯಾರ ಮಗಳು?"

"ಸೋಲೂರು ಹಾಲನ್ ಮಗಳು ಅಜ್ಜ. ಟೀ ತೋಟ. ಅಮ್ಮ ಎಲೆ ಕೀಳ್ತಾರೆ."

"ಎಲೆ ಕೀಳೋ ಕೈಗೆ ಲೆಕ್ಕ ಹತ್ತಲ್ಲ. ಬುಟ್ಟಿ ಹೊರು ಹೋಗು. ಇಲ್ಲಿ ಯಾಕೆ ಬಂದೆ, ಬಿಸ್ಕತ್ತಿಗಾ?"

ಬೇರೆಯವರು ನಕ್ಕರು. ಹುಡುಗಿಯ ಕಿವಿ ಕೆಂಪಾಯಿತು. ನನ್ನ ಕಡೆ ನೋಡಿದಳು. ಬೇಡ ಎಂದು ತಲೆ ಅಲ್ಲಾಡಿಸಿದೆ. ಕೈಯಲ್ಲಿದ್ದ ವರ್ಕಿಯನ್ನು ತಟ್ಟೆಗೆ ವಾಪಸ್ಸಿಟ್ಟು ಹೇಳಿಯೇಬಿಟ್ಟಳು.

"ಅದು ಹದಿನೇಳಕ್ಕೆ ಹೋಗುತ್ತೆ ಅಜ್ಜ."

ಅಪ್ಪ ನನ್ನ ಕಡೆ ತಿರುಗಿದರು. ಆ ನೋಟ ನನಗೆ ಗೊತ್ತು. ಕೊರಳಲ್ಲಿ ಸ್ಲೇಟು ನೇತಾಡುವಾಗ ಊಟಿ ಬಸ್ಸಿನಿಂದ ಇಳಿಯುವ ಒಬ್ಬೊಬ್ಬರ ಮುಖವನ್ನೂ ನಾನು ಹಾಗೇ ನೋಡಿದ್ದೆ, ಯಾರಾದರೂ ಬಿಚ್ಚಿಯಾರು ಎಂದು. ಅಪ್ಪನಿಗೆ ಈಗ ಭಾಗಿಸಲು ಬರುವುದಿಲ್ಲ. ಅದು ಅವರಿಗೂ ಗೊತ್ತಿದೆ.

"ಬಾ. ಮಾಡಿ ತೋರಿಸು" ಎಂದು ಸ್ಲೇಟು ಕೊಟ್ಟೆ. ಚಾಪೆಯ ಮೇಲೆ ಮಂಡಿಯೂರಿ ಶುರು ಮಾಡಿದಳು. ಮೂವತ್ಮೂರಲ್ಲಿ ಒಂದು, ಶೇಷ ಹದಿನಾರು. ನೂರ ಅರವತ್ಮೂರಲ್ಲಿ ಒಂಬತ್ತು, ಶೇಷ ಹತ್ತು. ನೂರ ಮೂರಲ್ಲಿ ಆರು, ಶೇಷ ಒಂದು. ಮೂರು ಇಳಿಸಿ ಹದಿಮೂರು.

"ನಿಲ್ಲು. ಹದಿಮೂರಲ್ಲಿ ಹದಿನೇಳು ಎಷ್ಟು ಸಲ?"

"ಇಲ್ಲೆ ಟೀಚರ್. ಅದಕ್ಕೇ ಸೊನ್ನೆ ಹಾಕಿ..."

"ಇಲ್ಲ ಅಂದ್ಯಲ್ಲ?"

"ಇಲ್ಲೆ, ಆದರೆ ಮುಂದಿನ ಮೂರನ್ನ ಇಳಿಸಿಕೊಂಡು..."

"ಹೋಗಲ್ಲ ಅಂದ್ಮೇಲೆ ಹೋಗಲ್ಲ. ಮುಂದೆ ಯಾರಾದ್ರೂ ಸಿಕ್ಕಾರು ಅಂತ ಕಾಯೋಕೆ ಇದೇನು ನಿಮ್ಮ ಸೋಲೂರು ಬಸ್ಸಾ?"

ಗೀತಾಂಜಲಿಗೆ ನಗು ತಡೆಯಲಾಗದೆ ಚಹಾ ಮೂಗಿಗೆ ಹೋಯಿತು. ಅಪ್ಪನೂ ನಕ್ಕರು. ಅರ್ಧ ಬಾಯಿಯ ನಗು, ಜೊಲ್ಲು ಸುರಿಯಿತು, ಆದರೆ ನಗು. ನಾವಿಬ್ಬರೂ ಒಂದೇ ಮಾತಿಗೆ ನಕ್ಕಿದ್ದು ನನಗೆ ನೆನಪಿರುವ ಹಾಗೆ ಇದೇ ಮೊದಲು.

"ಟೀಚರ್, ಇದಕ್ಕೆ ನೀವೇ ಸರಿ ಹಾಕಿದ್ರಿ" ಎಂದಳು ಹುಡುಗಿ. ಮೆಲ್ಲಗೆ. ಅಳುತ್ತಿರಲಿಲ್ಲ, ಅದೇ ಸಿಟ್ಟು ತರಿಸಿದ್ದು.

"ನಾನಾ? ಲೆಕ್ಕ ಬರದಿದ್ರೆ ಹೋಗ್ಲಿ, ಸುಳ್ಳು ಬೇರೆ!"

ಅಪ್ಪ ಎಡಗೈ ಎತ್ತಿ ತಮ್ಮ ಕೊರಳ ಸುತ್ತ ಬೆರಳಾಡಿಸಿದರು. ನನಗೆ ತಕ್ಷಣ ಅರ್ಥವಾಯಿತು. ಸ್ಲೇಟು ಒರೆಸಿ 'ಸೊನ್ನೆ' ಎಂದು ಬರೆದೆ. ದಾರ ಕಟ್ಟಲಿಲ್ಲ, ನಾನು ಅಪ್ಪನಷ್ಟು ಕಟುಕಿಯಲ್ಲ. ಕೈಯಲ್ಲೇ ಎದೆಗೆ ಹಿಡಿದು ನಿಲ್ಲು ಎಂದೆ, ಉಳಿದವರು ಚಹಾ ಮುಗಿಸುವವರೆಗೆ. ಬಸ್ ಸ್ಟ್ಯಾಂಡಿಗೂ ಕಳಿಸಲಿಲ್ಲ. ಬೆಚ್ಚಗಿನ ಕೋಣೆ. ಸೋಲೂರಿನ ಕೊನೆಯ ಬಸ್ಸು ತಪ್ಪಬಾರದೆಂದು ನಾನೇ ಗಡಿಯಾರ ನೋಡಿ ಕಳಿಸಿದೆ.

ಎಲ್ಲರೂ ಹೋದ ಮೇಲೆ ಜೊಲ್ಲು ಒರೆಸಲು ಬಗ್ಗಿದೆ. ಅಪ್ಪ ನನ್ನ ಮಣಿಕಟ್ಟು ಹಿಡಿದರು.

"ಸರಿ, ಸುಧಾ."

ಒಂದಕ್ಷರವೂ ಜಾರಲಿಲ್ಲ.

ಡಿಸೆಂಬರ್ 6

ಅಭಿನಯಾಳ ಅಪ್ಪ ಹಾಲನ್, ಮಗಳನ್ನು ಕರೆದುಕೊಂಡು ಮನೆಗೆ ಬಂದಿದ್ದ. ಬಿಳಿ ಶಾಲು, ತೋಟದ ಬೂಟು, ಕೈಯಲ್ಲಿ ಒಂದು ಚೀಲ ಬೀನ್ಸ್. ಜಗಳಕ್ಕೆ ಬಂದನೇನೋ ಎಂದು ನಾನು ಮುಖ ಬಿಗಿದುಕೊಂಡೆ.

"ಟೀಚರಮ್ಮ, ಕೂಸು ಗೊತ್ತಿಲ್ಲದೆ ಹೇಳಿಬುಟ್ಟಿದೆ. ದೊಡ್ಡವರ ಮುಂದೆ ಎದುರು ಮಾತು ನಮ್ಮ ಹಟ್ಟಿಲಿ ಇಲ್ಲೆ. ಮನಸ್ಸಿಲಿ ಇಟ್ಟುಕೋಬೇಡಿ."

"ಅವಳು ಏನು ಹೇಳಿದಳು ಅಂತ ಗೊತ್ತಾ?"

"ನಂಗೆ ಲೆಕ್ಕ ಗೊತ್ತಿಲ್ಲೆ. ನೀವು ತಪ್ಪು ಅಂದ್ರೆ ತಪ್ಪೇ. ಕೂಸು ನನ್ನ ಹತ್ತಿರವೂ ಹಠ ಮಾಡಿತು, ಸರೀನೇ ಅಂತ. ಒಂದು ಬಾರಿಸಿದೆ."

ಬಡಗರಲ್ಲಿ ಒಂದು ಪದ್ಧತಿ ಇದೆ. ಚಿಕ್ಕವರು ತಲೆ ಬಗ್ಗಿಸಿ ನಿಲ್ಲುತ್ತಾರೆ, ಹಿರಿಯರು ತಲೆ ಮೇಲೆ ಕೈಯಿಟ್ಟು ಹರಸುತ್ತಾರೆ. ಹಾಲನ್ ಕಣ್ಸನ್ನೆ ಮಾಡಿದ. ಅಭಿನಯಾ ಅಪ್ಪನ ಮಂಚದ ಬಲಗಡೆ ಬಂದು ತಲೆ ಬಗ್ಗಿಸಿದಳು. ಬಲಗೈ ಏಳುವುದಿಲ್ಲವಲ್ಲ. ನಾನೇ ಎತ್ತಿ ಅವಳ ತಲೆಯ ಮೇಲಿಟ್ಟು, ಜಾರದ ಹಾಗೆ ಹಿಡಿದುಕೊಂಡೆ. ಒದ್ದೆ ಮಣ್ಣಿನಷ್ಟು ಭಾರ. ಹುಡುಗಿ ಅಲುಗಲಿಲ್ಲ.

ಅಪ್ಪ ಕಣ್ಣು ತೆರೆದು, "ಹದಿನೇಳ್ ಹದಿಮೂರ್ಲ?" ಎಂದರು. ಇದೊಂದು ಎಲ್ಲೋ ತಳದಲ್ಲಿ ಉಳಿದಿದೆ.

ಅಭಿನಯಾ ಬಗ್ಗಿಸಿದ ತಲೆಯಲ್ಲೇ ಹೇಳಿದಳು. "ಗೊತ್ತಿಲ್ಲೆ ಅಜ್ಜ."

"ದಡ್ಡಿ" ಎಂದು ಅಪ್ಪ ಪ್ರೀತಿಯಿಂದಲೇ ಹರಸಿದರು. ಹಾಲನ್ ಕಣ್ಣೊರೆಸಿಕೊಂಡ. ಗೊತ್ತಿಲ್ಲ ಎನ್ನುವುದೇ ವಿದ್ಯೆಯ ಮೊದಲ ಮೆಟ್ಟಿಲು ಎಂದು ನಾನೂ ನಾಲ್ಕು ಹಿತನುಡಿ ಹೇಳಿದೆ. ಬೀನ್ಸು ಎಳೆಯದಾಗಿತ್ತು. ಸ್ಪರ್ಧೆಗೆ ಗೀತಾಂಜಲಿಯ ಹೆಸರು ಕಳಿಸಿದ್ದೇನೆ. ಅವಳಿಗೆ ಧೈರ್ಯ ಹೆಚ್ಚು.

ಜನವರಿ 9, 1999

ಬೆಳಗ್ಗೆ ಹುಲ್ಲಿನ ಮೇಲೆ ಮಂಜು ಉಪ್ಪಿನ ಹಾಗೆ ಕೂತಿತ್ತು. ವಳ್ಳಿ ಬಿಸಿನೀರು ಒಯ್ದವಳು ತುಂಬಿದ ಚೊಂಬನ್ನು ಹಾಗೇ ವಾಪಸ್ಸು ತಂದಳು.

ಮೂವತ್ತಾರು ತಿರುವು ಇಳಿದು ಮಸಿನಗುಡಿಗೆ ಹೋದೆವು. ನವೀನನ ಹೊಲದಲ್ಲಿ, ಅಮ್ಮನ ಪಕ್ಕ. ಕೂರಿಸಿ ಮಣ್ಣು ಮಾಡಿದರು. ಹಿಂದಿನ ಸಂಜೆ ಅಪ್ಪ ಕೇಳಿದ್ದು ಒಂದೇ ಮಾತು. ಎಲ್ಲಿಗಂಟ ಬಂತು?

ಫೆಬ್ರವರಿ 10

ರಜೆ ಮುಗಿಸಿ ಶಾಲೆಗೆ ಹೋದೆ. ಗೀತಾಂಜಲಿ ಕೊಯಮತ್ತೂರಿನಲ್ಲಿ ಮೊದಲ ಸುತ್ತಿಗೇ ಎದ್ದು ಬಂದಳಂತೆ. ದಡ್ಡಿ.

ಒಂಬತ್ತನೇ ಕ್ಲಾಸಿಗೆ ಹೋಗಿ ಬೋರ್ಡಿನ ಮೇಲೆ 'ಮಾದಯ್ಯನವರ ಸಂಖ್ಯೆ' ಎಂದು ಬರೆದು ಕೆಳಗೆ ಒಂಬತ್ತು ಅಂಕಿ ಬರೆದೆ. ಅಪ್ಪನ ಹೆಸರಲ್ಲಿ ಹೇಳುತ್ತೇನೆಂದು ಮಾತು ಕೊಟ್ಟಿದ್ದೆನಲ್ಲ. ಇದು ಅವಿಭಾಜ್ಯ ಎಂದೆ. ಎಲ್ಲರೂ ಬರೆದುಕೊಂಡರು. ಅಭಿನಯಾ ಈಗ ಕೊನೆಯ ಬೆಂಚಿನಲ್ಲಿ ಕೂರುತ್ತಾಳೆ, ಅವಳೂ ಬರೆದುಕೊಂಡಳು. ಅಲ್ಲಿಗೇ ಬಿಡಬಹುದಿತ್ತು. ಅವಳನ್ನು ಯಾಕೆ ಕರೆದೆನೋ.

"ಅಭಿನಯಾ, ಬಾ. ಇದು ಹದಿನೇಳಕ್ಕೆ ಹೋಗಲ್ಲ ಅಂತ ಎಲ್ಲರಿಗೂ ಮಾಡಿ ತೋರಿಸು."

ಬಂದಳು. ಸೀಮೆಸುಣ್ಣ ತೆಗೆದುಕೊಂಡಳು. ಯಾರೂ ಅಡ್ಡ ಬಾಯಿ ಹಾಕದೆ ಅವಳು ಭಾಗಿಸುವುದನ್ನು ನಾನು ನೋಡಿದ್ದು ಇದೇ ಮೊದಲು. ಕೈ ಎಂಥ ಚುರುಕು! ಹದಿಮೂರು ಬಂದ ಜಾಗದಲ್ಲಿ ಸೊನ್ನೆ ದುಂಡಗೆ ಬಿತ್ತು. ಏಳು, ಎಂಟು, ನಾಲ್ಕು ಸಾಲಾಗಿ ಬಂದವು. ಕೊನೆಗೆ ಐವತ್ತೊಂದು ಉಳಿಯಿತು. ಹದಿನೇಳ್ ಮೂರ್ಲ ಐವತ್ತೊಂದು. ಮೂರು ಎಂದು ಬರೆದರೆ ಮುಗಿಯಿತು.

ಅಲ್ಲಿ ಅವಳ ಕೈ ನಿಂತಿತು. ತಿರುಗಿ ನನ್ನನ್ನು ನೋಡಿದಳು, ಆಮೇಲೆ ಮೇಜಿನ ಮೇಲಿದ್ದ ರೂಲು ದೊಣ್ಣೆಯನ್ನು. ಬೋರ್ಡಿಗೆ ತಿರುಗಿ ಎರಡು ಎಂದು ಬರೆದಳು. ಹದಿನೇಳ್ ಎರಡ್ಲ ಮೂವತ್ತನಾಲ್ಕು. ಕಳೆದಳು. ಕೆಳಗೆ ಗೆರೆ ಎಳೆದಳು.

"ಶೇಷ ಹದಿನೇಳು ಟೀಚರ್. ಹೋಗೋದಿಲ್ಲೆ."

ನಾಲ್ಕನೇ ಕ್ಲಾಸಿನ ಮಗುವಿಗೂ ಗೊತ್ತು. ಮುಂದಿನ ಬೆಂಚಿನಲ್ಲಿ ಗೀತಾಂಜಲಿ ಬಾಯಿ ತೆರೆದಳು, ನಾನು ನೋಡಿದೆ, ಮುಚ್ಚಿಕೊಂಡಳು. ದೊಣ್ಣೆ ಬಡಿಯುವ ಅಗತ್ಯವೇ ಬರಲಿಲ್ಲ.

"ಸರಿ" ಎಂದೆ.

ಅಪ್ಪನಿಗೆ ನಲವತ್ತೆರಡು ವರ್ಷ ಹಿಡಿದ ಮಾತು. ಕೊಡುವ ವಿಷಯದಲ್ಲಿ ನನ್ನ ಕೈ ದೊಡ್ಡದು. ಡಸ್ಟರನ್ನು ಅವಳ ಕೈಗೇ ಕೊಟ್ಟೆ. ಚೆನ್ನಾಗಿ ಒರೆಸಿದಳು, ಒಂದು ಮೂರೂ ಉಳಿಯದ ಹಾಗೆ.